ಒಂದೇ ವಿಷಕ್ಕೆ ಐದು ಹೆಸರು

ಕಂಪ್ಲಿಯ ಹತ್ತಿರದ ಒಂದು ಹಳ್ಳಿಯಲ್ಲಿ ನಮಗೆ ಬಹಳ ದಿನಗಳಿಂದ ಪರಿಚಯವಿರುವ ಒಂದು ಕುಟುಂಬವಿದೆ. ಭತ್ತದ ಗದ್ದೆ, ಬಾಳೆ ತೋಟ, ಕಬ್ಬಿನ ಹೊಲಗಳಲ್ಲಿ ಕೂಲಿ ಮಾಡಿ ಬದುಕುವ ಜನ. ಆ ಮನೆಯ ಹಿರಿಯ ಮಗ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಬೆನ್ನಿಗೆ ಪಂಪು ಕಟ್ಟಿಕೊಂಡು ಗದ್ದೆಗೆ ಕೀಟನಾಶಕ ಹೊಡೆದ. ಪಂಪಿಗೆ ಇಷ್ಟು ಎಂದು ಲೆಕ್ಕ ಹಾಕಿ ಕೂಲಿ ಕೊಡುವ ಕೆಲಸ ಅದು. ಹೆಚ್ಚು ಪಂಪು ಹೊಡೆದರೆ ಹೆಚ್ಚು ಕೂಲಿ. ಹಳೆಯ ಪಂಪು ಸೋರಿ ಅಂಗಿಯ ಬೆನ್ನೆಲ್ಲ ತೊಯ್ದಿತ್ತು. ಮುಖಕ್ಕೊಂದು ಟವೆಲ್ ಕಟ್ಟಿಕೊಂಡಿದ್ದ, ಅಷ್ಟೇ. ಸಂಜೆ ಬದುವಿನ ಮೇಲೆ ಕುಳಿತವನು ಏಳಲಿಲ್ಲ. ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಉಸಿರಾಡಲು ಒದ್ದಾಟ.

ನಮ್ಮ ಸೀಮೆಯಲ್ಲಿ ಕೀಟನಾಶಕವನ್ನು ಯಾರೂ ಕೀಟನಾಶಕ ಎನ್ನುವುದಿಲ್ಲ. 'ಎಣ್ಣಿ' ಎನ್ನುತ್ತಾರೆ, ಇಲ್ಲವೆ 'ಔಷಧಿ' ಎನ್ನುತ್ತಾರೆ. ಸಿಂಪಡಿಸುವುದಕ್ಕೆ 'ಎಣ್ಣಿ ಹೊಡಿಯಾದು' ಎಂದು ಹೆಸರು. ವಿಷ ಕುಡಿದು ಸಾಯಲು ಹೊರಟವನ ಬಗ್ಗೆಯೂ 'ಎಣ್ಣಿ ಕುಡದಾನ' ಎಂದೇ ಹೇಳುತ್ತಾರೆ. ಹುಡುಗನನ್ನು ಆಸ್ಪತ್ರೆಗೆ ಸೇರಿಸಿದಾಗ ಕರ್ತವ್ಯದಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ, 'ಏನು ಕುಡಿದಿದ್ದಾನೆ?' ಎಂಬುದು. ಗಾಬರಿಯಲ್ಲಿದ್ದ ತಮ್ಮ 'ಎಣ್ಣಿ ಸಾರ್' ಎಂದ. ಕಾಗದದ ಮೇಲೆ 'ವಿಷ ಸೇವನೆ' ಎಂದು ದಾಖಲಾಯಿತು.

ಚಿಕಿತ್ಸೆಯಲ್ಲಿ ಕೊರತೆಯೇನೂ ಆಗಲಿಲ್ಲ. ಆ ರಾತ್ರಿ ವೈದ್ಯರೂ ದಾದಿಯರೂ ನಿದ್ದೆಗೆಟ್ಟು ಅವನನ್ನು ಉಳಿಸಿದರು. ಕೆಲವು ದಿನಗಳ ನಂತರ ಅವನು ಮನೆಗೆ ಬಂದ. ನಾವು ನೋಡಲು ಹೋದಾಗ ಆಸ್ಪತ್ರೆಯಿಂದ ಕೊಟ್ಟ ಇಂಗ್ಲಿಷ್ ಕಾಗದವನ್ನು ನಮ್ಮ ಕೈಗಿತ್ತು ಓದಿ ಹೇಳಲು ಕೇಳಿದ. ನಾವು ಓದಿ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, 'ನಾ ಕುಡದಿಲ್ಲಣ್ಣ, ಹೊಡ್ಯಾಕ ಹೋಗಿದ್ದೆ. ಕೂಲಿಗಂತ ಹೋದವನು ಕುಡ್ದ ಅಂತ ಬರದಾರಲ್ಲ' ಎಂದ. ಅಷ್ಟರಲ್ಲಾಗಲೇ ಓಣಿಯಲ್ಲಿ ಮಾತು ಹಬ್ಬಿತ್ತು. ಮನೆಯಲ್ಲಿ ಏನು ಜಗಳವಾಗಿತ್ತು, ಎಷ್ಟು ಸಾಲವಿತ್ತು ಎಂದು ಜನ ಅವನ ತಾಯಿಯನ್ನು ಕೇಳುತ್ತಿದ್ದರು. ಅವನ ತಂಗಿಗೆ ಗಂಡು ನೋಡುತ್ತಿದ್ದ ದಿನಗಳವು. ಗದ್ದೆಯ ಒಡೆಯರು ಮಾತ್ರ ನಿಶ್ಚಿಂತರಾಗಿದ್ದರು. ಕುಡಿದವನಿಗೆ ಯಾರೂ ಪರಿಹಾರ ಕೊಡಬೇಕಾಗಿಲ್ಲವಲ್ಲ!

ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಕಾಡುತ್ತಿದೆ. ಒಬ್ಬ ಮನುಷ್ಯನ ಗಾಯವನ್ನು ವಾಸಿ ಮಾಡಿ, ಆ ಗಾಯ ಹೇಗಾಯಿತು ಎಂಬುದನ್ನು ತಪ್ಪಾಗಿ ಬರೆದರೆ ಅವನಿಗೆ ಸಲ್ಲಬೇಕಾದುದು ಸಂದಂತಾಯಿತೆ? ದೇಹವನ್ನು ಉಳಿಸುವುದರೊಂದಿಗೆ ವೈದ್ಯಕೀಯದ ಕರ್ತವ್ಯ ಮುಗಿಯುತ್ತದೆಯೆ? ಅಥವಾ ಆ ದೇಹಕ್ಕೆ ಏನಾಯಿತೆಂದು ಸಾಕ್ಷಿ ನುಡಿಯುವುದೂ ಅದರ ಕರ್ತವ್ಯದ ಭಾಗವೆ?

ಈ ಪ್ರಶ್ನೆಯನ್ನು ಹಿಡಿದು ಹೊರಟಾಗ ನಾವು ತಲುಪಿದ್ದು ಒಂದು ವಿಚಿತ್ರವಾದ ಪಟ್ಟಿಯ ಬಳಿಗೆ. ಜಗತ್ತಿನ ಎಲ್ಲ ರೋಗಗಳಿಗೂ ಗಾಯಗಳಿಗೂ ವಿಶ್ವ ಆರೋಗ್ಯ ಸಂಸ್ಥೆ ಒಂದೊಂದು ಸಂಕೇತವನ್ನು ಕೊಟ್ಟಿದೆ. ಇದರ ಹತ್ತನೆಯ ಪರಿಷ್ಕರಣೆಗೆ 1990ರಲ್ಲಿ ಒಪ್ಪಿಗೆ ದೊರೆಯಿತು. ಹನ್ನೊಂದನೆಯದು 2022ರ ಜನವರಿಯಲ್ಲಿ ಜಾರಿಗೆ ಬಂದಿದೆಯಾದರೂ ನಮ್ಮ ಬಹುತೇಕ ದಾಖಲೆಗಳು ಹತ್ತನೆಯದರ ಭಾಷೆಯಲ್ಲೇ ಇವೆ. ಅದರಲ್ಲಿ ದೇಹಕ್ಕೆ ಆದದ್ದೇನು ಎಂಬುದಕ್ಕೆ ಒಂದು ಸಂಕೇತ, ಅದು ಹೇಗಾಯಿತು ಎಂಬುದಕ್ಕೆ ಇನ್ನೊಂದು. ಆರ್ಗನೋಫಾಸ್ಫೇಟ್ ಎಂಬ ರಂಜಕದ ಜಾತಿಯ ಕೀಟನಾಶಕದಿಂದ ಮೈಗೆ ವಿಷವೇರಿದರೆ ಅದು ಟಿ 60.0. ಇದರಲ್ಲಿ ಜಗಳವಿಲ್ಲ. ಜಗಳವಿರುವುದು ಎರಡನೆಯ ಸಂಕೇತದಲ್ಲಿ. ಕೀಟನಾಶಕ ಆಕಸ್ಮಿಕವಾಗಿ ಮೈಸೇರಿದರೆ ಎಕ್ಸ್ 48. ತಾನಾಗಿ ಸೇವಿಸಿದರೆ ಎಕ್ಸ್ 68. ಬೇರೊಬ್ಬರು ಕೊಲ್ಲಲೆಂದು ಉಣಿಸಿದರೆ ಎಕ್ಸ್ 87. ಉದ್ದೇಶ ತಿಳಿಯದಿದ್ದರೆ ವೈ 18. ಯುದ್ಧದಲ್ಲಿ ರಾಸಾಯನಿಕ ಅಸ್ತ್ರದಿಂದ ಗಾಯವಾದರೆ ವೈ 36.7.

ಹೀಗೆ ಒಂದೇ ಬಗೆಯ ವಿಷಕ್ಕೆ ಐದು ಹೆಸರು. ನಮ್ಮ ಕಂಪ್ಲಿಯ ಹುಡುಗ ಸೇರಬೇಕಾಗಿದ್ದು ಎಕ್ಸ್ 48ಕ್ಕೆ. ಸೇರಿದ್ದು ಎಕ್ಸ್ 68ರ ಮನೆಗೆ.

ಗದ್ದೆಯ ಮಾತಾಡುವಲ್ಲಿ ಯುದ್ಧವೇಕೆ ಬಂತು ಎಂದು ಓದುಗರು ಕೇಳಬಹುದು. ಬಂದಿರುವುದು ಕಾರಣವಿಲ್ಲದೆ ಅಲ್ಲ. 1936ರಲ್ಲಿ ಗೆರ್ಹಾರ್ಡ್ ಶ್ರೇಡರ್ ಎಂಬ ಜರ್ಮನ್ ರಸಾಯನ ವಿಜ್ಞಾನಿ ಬೆಳೆಗಳನ್ನು ಕಾಡುವ ಕೀಟಗಳಿಗೆ ಹೊಸ ವಿಷವನ್ನು ಹುಡುಕುತ್ತಿದ್ದ. ಅವನಿಗೆ ಸಿಕ್ಕಿದ್ದು ಟಾಬುನ್. 1938ರಲ್ಲಿ ಸಿಕ್ಕಿದ್ದು ಸರಿನ್. ಕೀಟಕ್ಕಿಂತ ಮನುಷ್ಯನನ್ನು ಕೊಲ್ಲಲು ಇವು ಹೆಚ್ಚು ಸಮರ್ಥವೆಂದು ಕಂಡಾಗ ಜರ್ಮನಿಯ ಸೈನ್ಯ ಅವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅದೇ ಕುಲದ, ಅಷ್ಟು ಉಗ್ರವಲ್ಲದ ಸಂಬಂಧಿಗಳು ಯುದ್ಧಾನಂತರ ಕೀಟನಾಶಕಗಳಾಗಿ ಜಗತ್ತಿನ ಹೊಲಗದ್ದೆಗಳಿಗೆ ಬಂದವು. ಕೆಲಸ ಮಾಡುವ ರೀತಿಯೂ ಒಂದೇ. ನರಗಳ ಸಂದೇಶವನ್ನು ಮುಗಿಸಿ ತಣಿಸುವ ಒಂದು ಕಿಣ್ವವನ್ನು ಇವು ಕಟ್ಟಿಹಾಕುತ್ತವೆ. ಆಗ ಸಂದೇಶ ನಿಲ್ಲುವುದೇ ಇಲ್ಲ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಜೊಲ್ಲು ಬೆವರು ಹರಿಯುತ್ತವೆ, ಸ್ನಾಯುಗಳು ಅದುರಿ ಸೋಲುತ್ತವೆ, ಶ್ವಾಸಕೋಶದಲ್ಲಿ ದ್ರವ ತುಂಬಿ ಮನುಷ್ಯ ಒಣನೆಲದಲ್ಲೇ ಮುಳುಗುತ್ತಾನೆ.

ಚಿಕಿತ್ಸೆಯೂ ಬಹುಮಟ್ಟಿಗೆ ಒಂದೇ. ವಿಷ ತಾಗಿದ ಬಟ್ಟೆಯನ್ನು ಕೂಡಲೇ ತೆಗೆಯಬೇಕು. ಮೈಯನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆಯಬೇಕು, ಏಕೆಂದರೆ ವಿಷ ಚರ್ಮದ ಮೂಲಕವೂ ಒಳಗಿಳಿಯುತ್ತದೆ. ತೊಳೆಯುವವರೂ ಕೈಗವಸು ಹಾಕಿಕೊಳ್ಳಬೇಕು. ಎದೆಯಲ್ಲಿ ತುಂಬಿದ ದ್ರವ ಆರುವವರೆಗೆ ಅಟ್ರೋಪಿನ್ ಕೊಡುತ್ತ ಹೋಗಬೇಕು. ಉಸಿರು ಸೋತರೆ ಯಂತ್ರದ ಉಸಿರು ಬೇಕು. ಎಲ್ಲ ಸರಿಹೋಯಿತೆನ್ನುವಾಗ, ಒಂದೆರಡು ದಿನಗಳ ನಂತರ, ಕತ್ತು ಮತ್ತು ಉಸಿರಿನ ಸ್ನಾಯುಗಳು ಮತ್ತೆ ಸೋಲುವುದುಂಟು. ಇದನ್ನು 1987ರಲ್ಲಿ ವಿವರಿಸಿದವರು ನಮ್ಮ ನೆರೆಯ ಶ್ರೀಲಂಕಾದ ವೈದ್ಯರು. ರಾಸಾಯನಿಕ ಯುದ್ಧಕ್ಕೆ ಹೋಗುವ ಸೈನಿಕನ ಜೇಬಿನಲ್ಲಿ ತನಗೆ ತಾನೇ ಚುಚ್ಚಿಕೊಳ್ಳಲು ಅಟ್ರೋಪಿನ್ ಸೂಜಿ ಇರುತ್ತದೆ. ಕಂಪ್ಲಿಯ ಕೂಲಿಯವನ ಜೇಬಿನಲ್ಲಿ ಬೀಡಿ ಕಟ್ಟು ಇರುತ್ತದೆ.

ಯುದ್ಧದ ವಿಷಕ್ಕೆ ಜಗತ್ತು ಹೇಗೆ ಉತ್ತರ ಕೊಟ್ಟಿತು ನೋಡಿ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೈನ್ಯ ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟಿತು. ನಾಲ್ಕು ದಿನಗಳ ನಂತರ ಅದೇ ರಣರಂಗದಲ್ಲಿ ಭಾರತೀಯ ಸೈನಿಕರೂ ಆ ಹೊಗೆಗೆ ಸಿಕ್ಕರು. ಅವರಲ್ಲೊಬ್ಬರಾದ ಜಮಾದಾರ್ ಮೀರ್ ದಸ್ತ್ ಅನಿಲದಿಂದ ಪೀಡಿತರಾಗಿಯೂ ಗಾಯಾಳುಗಳನ್ನು ಹೊತ್ತು ತಂದು ವಿಕ್ಟೋರಿಯಾ ಕ್ರಾಸ್ ಪಡೆದರು. ಆ ದಿನಗಳಲ್ಲಿ ಸೈನಿಕರಿಗಿದ್ದ ರಕ್ಷಣೆಯೆಂದರೆ ಬಾಯಿಗೆ ಕಟ್ಟಿಕೊಂಡ ಒದ್ದೆ ಬಟ್ಟೆ. ನೂರು ವರ್ಷಗಳು ಕಳೆದರೂ ನಮ್ಮ ಗದ್ದೆಗಳಲ್ಲಿ ಇರುವುದು ಆ ಬಟ್ಟೆಯೇ.

ಸೈನಿಕರಿಗಾಗಿ ಮಾತ್ರ ಜಗತ್ತು ಮುಂದೆ ನಡೆಯಿತು. 1925ರಲ್ಲಿ ಜಿನೀವಾದಲ್ಲಿ ವಿಷಾನಿಲದ ಬಳಕೆಯನ್ನು ನಿಷೇಧಿಸಿದರು. 1993ರಲ್ಲಿ ರಾಸಾಯನಿಕ ಅಸ್ತ್ರಗಳನ್ನು ತಯಾರಿಸುವುದನ್ನೂ ಕೂಡಿಡುವುದನ್ನೂ ನಿಷೇಧಿಸುವ ಒಪ್ಪಂದಕ್ಕೆ ಸಹಿ ಬಿತ್ತು, 1997ರಲ್ಲಿ ಅದು ಜಾರಿಗೆ ಬಂತು. ಭಾರತ ತಾನು ಘೋಷಿಸಿದ ಸಂಗ್ರಹವನ್ನು 2009ರಲ್ಲಿ ಪೂರ್ತಿಯಾಗಿ ನಾಶಪಡಿಸಿತು, ಅಮೆರಿಕ 2023ರಲ್ಲಿ. ಒಪ್ಪಂದವಿದ್ದೂ 2013ರಲ್ಲಿ ಸಿರಿಯಾದ ಘೂತಾದಲ್ಲಿ ಮಕ್ಕಳು ಸರಿನ್‌ಗೆ ಬಲಿಯಾದರು ಎಂಬುದು ನಿಜ. ಆದರೂ ಅದನ್ನು ಅಪರಾಧವೆಂದು ಕರೆಯಲು ಜಗತ್ತಿಗೆ ಒಂದು ಹೆಸರು ಇತ್ತು.

ಆ ಹೆಸರು ತಾನಾಗಿ ಬರುವುದಿಲ್ಲ. ಎಂಬತ್ತರ ದಶಕದ ಯುದ್ಧದಲ್ಲಿ ಇರಾಕ್ ತನ್ನ ಮೇಲೆ ವಿಷಾನಿಲ ಪ್ರಯೋಗಿಸುತ್ತಿದೆಯೆಂದು ಇರಾನ್ ಕೂಗಿದಾಗ ನಂಬುವವರು ಕಡಿಮೆಯಿದ್ದರು. 1984ರಲ್ಲಿ ಇರಾನ್ ತನ್ನ ಗಾಯಾಳು ಸೈನಿಕರನ್ನು ಯುರೋಪಿನ ಆಸ್ಪತ್ರೆಗಳಿಗೆ ಕಳುಹಿಸಿತು. ಮೈಮೇಲಿನ ಬೊಬ್ಬೆಗಳನ್ನೂ ಸುಟ್ಟ ಶ್ವಾಸನಾಳಗಳನ್ನೂ ಕಂಡ ಅಲ್ಲಿನ ವೈದ್ಯರು ಇದು ಸಾಸಿವೆ ಅನಿಲವೆಂದು ಗುರುತಿಸಿದರು. ಅದೇ ವರ್ಷ ವಿಶ್ವಸಂಸ್ಥೆಯ ತಜ್ಞರೂ ಇರಾನಿಗೆ ಹೋಗಿ ಅದನ್ನು ದೃಢಪಡಿಸಿದರು. ರೋಗಿಯ ಹಾಸಿಗೆಯ ಪಕ್ಕದಲ್ಲಿ ಬರೆದ ಕಾಗದವೇ ಜಗತ್ತಿನ ಮುಂದೆ ಸಾಕ್ಷ್ಯವಾಯಿತು. ಆಮೇಲೂ 1987ರಲ್ಲಿ ಸರ್ದಶ್ತ್, 1988ರ ಮಾರ್ಚ್‌ನಲ್ಲಿ ಸುಮಾರು ಐದು ಸಾವಿರ ಕುರ್ದ್ ಜನ ಸತ್ತ ಹಲಬ್ಜಾ ನಡೆದುಹೋದವು. ಸಾಕ್ಷ್ಯವೊಂದೇ ಅನ್ಯಾಯವನ್ನು ತಡೆಯುವುದಿಲ್ಲ. ಆದರೆ ಸಾಕ್ಷ್ಯವಿಲ್ಲದಿದ್ದರೆ ಅನ್ಯಾಯ ನಡೆದೇ ಇಲ್ಲವೆಂದು ಹೇಳುವುದು ಬಲು ಸುಲಭ.

ಇನ್ನೊಂದು ಉದಾಹರಣೆ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ವಿಮಾನಗಳು ಕಾಡಿನ ಮೇಲೆ ಏಜೆಂಟ್ ಆರೆಂಜ್ ಎಂಬ ಕಳೆನಾಶಕವನ್ನು ಸುರಿದವು. ಅದರಲ್ಲಿದ್ದ ಎರಡು ರಾಸಾಯನಿಕಗಳಲ್ಲಿ ಒಂದಾದ 2,4-ಡಿ ಇಂದಿಗೂ ನಮ್ಮ ಭತ್ತದ ಗದ್ದೆಗಳಲ್ಲಿ ಬಳಕೆಯಲ್ಲಿದೆ. ಡಯಾಕ್ಸಿನ್ ಎಂಬ ಘೋರ ವಿಷ ಬೆರೆತಿದ್ದುದು ಇನ್ನೊಂದರಲ್ಲಿ. 1991ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ವಿಯೆಟ್ನಾಂನಲ್ಲಿ ಸೇವೆ ಮಾಡಿದ ಸೈನಿಕನಿಗೆ ಕೆಲವು ಗೊತ್ತಾದ ಕಾಯಿಲೆಗಳು ಬಂದರೆ ಅವು ಆ ವಿಷದಿಂದಲೇ ಬಂದವೆಂದು ಭಾವಿಸಬೇಕು, ಸೈನಿಕ ತನ್ನ ದೇಹವನ್ನು ಹಿಡಿದುಕೊಂಡು ಪುರಾವೆಗಾಗಿ ಅಲೆಯಬೇಕಾಗಿಲ್ಲ ಎಂಬುದು ಅದರ ತಿರುಳು. ಒಳ್ಳೆಯ ಕಾನೂನು. ಆದರೆ ಅದೇ ವಿಷವನ್ನು ತಲೆಯ ಮೇಲೆ ಸುರಿಸಿಕೊಂಡ ವಿಯೆಟ್ನಾಂನ ಹಳ್ಳಿಗರು ಅದನ್ನು ತಯಾರಿಸಿದ ಕಂಪನಿಗಳ ವಿರುದ್ಧ ಹೂಡಿದ ದಾವೆಯನ್ನು 2005ರಲ್ಲಿ ಅಮೆರಿಕದ ನ್ಯಾಯಾಲಯ ವಜಾ ಮಾಡಿತು. ಒಬ್ಬನ ಮಾತನ್ನು ನಂಬಿ ಮುಂದುವರಿದರು. ಇನ್ನೊಬ್ಬನಿಗೆ ಪುರಾವೆ ತಾ ಎಂದರು. ವಿಷ ಒಂದೇ ಆಗಿತ್ತು.

ದೂರದ ಮಾತು ಬಿಡೋಣ. ಕನ್ನಡ ಮಾತಾಡುವ ನಮ್ಮ ಗಡಿಯಲ್ಲೇ ಇಂಥದೊಂದು ಕತೆ ನಡೆದಿದೆ. ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಎಪ್ಪತ್ತರ ದಶಕದಿಂದ 2000ದವರೆಗೆ ಹೆಲಿಕಾಪ್ಟರ್‌ಗಳಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಇತ್ತ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಯೂ ಗೇರು ತೋಟಗಳ ಮೇಲೆ ಅದೇ ವಿಷ ಬಿತ್ತು. ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮದಲ್ಲಿ ಚಿಕಿತ್ಸೆ ಮಾಡುತ್ತಿದ್ದ ಡಾ. ವೈ. ಎಸ್. ಮೋಹನ್‌ಕುಮಾರ್ ತಮ್ಮ ಸಣ್ಣ ಪ್ರದೇಶದಲ್ಲಿ ಇಷ್ಟೊಂದು ವಿಚಿತ್ರ ಕಾಯಿಲೆಗಳು ಏಕೆ ಎಂದು ಗಮನಿಸಿ ಗುರುತು ಹಾಕಿಕೊಳ್ಳುತ್ತ ಹೋದರು. ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಜಗತ್ತಿಗೆ ತಲುಪಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಅಲ್ಲಿನ ತಾಯಂದಿರ ಹೋರಾಟ ಬಹುಪಾಲು ಒಂದು ಪಟ್ಟಿಯ ಸುತ್ತ ನಡೆಯಿತು. ನನ್ನ ಮಗುವಿನ ಹೆಸರನ್ನು ಸಂತ್ರಸ್ತರ ಪಟ್ಟಿಯಲ್ಲಿ ಬರೆಯಿರಿ ಎಂಬುದೇ ಅವರ ಬೇಡಿಕೆ. ಹೆಸರಿದ್ದರೆ ಔಷಧಿ, ಮಾಸಾಶನ, ಪರಿಹಾರ. ಹೆಸರಿಲ್ಲದಿದ್ದರೆ ಅದು ಹಣೆಬರಹ.

ಪಡ್ರೆಯ ಮಾತು ನಮ್ಮನ್ನು ಸಂಡೂರಿಗೆ ಕರೆತರುತ್ತದೆ. ಇಲ್ಲಿ ಬಿದ್ದದ್ದು ಕೀಟನಾಶಕವಲ್ಲ, ಧೂಳು. ಗಣಿಗಾರಿಕೆ ಉತ್ತುಂಗದಲ್ಲಿದ್ದಾಗ ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ ಮರಗಿಡ, ಮನೆಯ ಮಾಡು, ಒಣಹಾಕಿದ ಬಟ್ಟೆ ಎಲ್ಲವೂ ಕೆಂಪಾಗಿದ್ದುದನ್ನು ನಾವೆಲ್ಲ ಕಂಡಿದ್ದೇವೆ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕೆ 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ನಷ್ಟವಾಯಿತೆಂದು ಅದು ಲೆಕ್ಕ ಹಾಕಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸಾವಿರಾರು ಕೋಟಿ ರೂಪಾಯಿ ಮೀಸಲಾಯಿತು. ಎಷ್ಟು ಟನ್ ಅದಿರು ಹೋಯಿತೆಂಬುದು ನಮಗೆ ಗೊತ್ತು. ಸುತ್ತಿಗೆ ಹಿಡಿದು ಆ ಅದಿರು ಒಡೆದವರ ಎದೆಯೊಳಗೆ ಎಷ್ಟು ಧೂಳು ಹೋಯಿತೆಂಬುದಕ್ಕೆ ಲೆಕ್ಕವೆಲ್ಲಿ? ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಕಾಯಿಲೆಯ ಎಕ್ಸ್‌ರೇ ಕ್ಷಯದ ಎಕ್ಸ್‌ರೇಯಂತೆ ಕಾಣುವುದುಂಟು. ಹಾಗಾಗಿ ದೇಶದಾದ್ಯಂತ ಎಷ್ಟೋ ಕಾರ್ಮಿಕರಿಗೆ ಟಿಬಿಯೆಂದೇ ಹೇಳಿ ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದ್ದಾರೆ. ಕಾನೂನಿನ ಪ್ರಕಾರ ಸಿಲಿಕೋಸಿಸ್ ಸರಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ, ಪರಿಹಾರಕ್ಕೂ ಅದು ದಾರಿ. ಕ್ಷಯವೆಂದು ಬರೆದರೆ ಗಣಿಗೂ ಕಾಯಿಲೆಗೂ ಸಂಬಂಧವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ವೈ 96 ಎಂದರೆ ದುಡಿಮೆಯಿಂದ ಬಂದ ಕಾಯಿಲೆ, ವೈ 97 ಎಂದರೆ ಪರಿಸರ ಮಾಲಿನ್ಯದಿಂದ ಬಂದದ್ದು. ಸಂಕೇತಗಳು ಇಲ್ಲವೆಂದಲ್ಲ. ಅವನ್ನು ಬರೆಯುವ ಕೈ ಬೇಕು.

ಇಷ್ಟು ಹೇಳಿ ವೈದ್ಯರ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಅವರ ಕಡೆಯ ಮಾತನ್ನೂ ಕೇಳಬೇಕು. ಉಸಿರು ನಿಲ್ಲುತ್ತಿರುವವನ ಮುಂದೆ ನಿಂತ ವೈದ್ಯನಿಗೆ ಮೊದಲು ಬೇಕಾದದ್ದು ಅಟ್ರೋಪಿನ್, ಸಂಕೇತವಲ್ಲ. ವಿಷದ ಪ್ರಕರಣವೆಂದರೆ ಪೊಲೀಸರಿಗೆ ತಿಳಿಸಬೇಕು. ಮುಂದೆ ಕೋರ್ಟಿಗೆ ಸಾಕ್ಷಿಯಾಗಿ ಹೋಗಬೇಕಾಗಬಹುದು. ಜೊತೆಗೆ ಬಂದವರು ಹೇಳುವುದೆಲ್ಲ ನಿಜವೆಂದು ನಂಬುವಂತೆಯೂ ಇಲ್ಲ. ಏಕೆಂದರೆ ನಮ್ಮ ಕಂಪ್ಲಿಯ ಹುಡುಗನ ಕತೆಗೆ ತೀರಾ ವಿರುದ್ಧವಾದ ಕತೆಗಳೂ ಇವೆ. ನಿಜವಾಗಿಯೂ ವಿಷ ಕುಡಿದ ಮಗಳನ್ನು ಕರೆತಂದ ತಂದೆತಾಯಿ, 'ಹೊಲದಾಗ ಗಾಳಿಗೆ ಮೂಗಿಗೆ ಹೊಡದೈತಿ ಅಂತ ಬರೀರಿ ಡಾಕ್ಟ್ರೆ, ನಿಮ್ಮ ಕಾಲಿಗೆ ಬೀಳ್ತೀವಿ' ಎಂದು ಅಂಗಲಾಚುತ್ತಾರೆ. ಬಹಳ ಕಾಲ ಆತ್ಮಹತ್ಯೆಯ ಯತ್ನವೇ ನಮ್ಮಲ್ಲಿ ಅಪರಾಧವಾಗಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ಸಡಿಲಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಂ ಉಳಿದಿಲ್ಲ. ಆದರೆ ಜನರ ಕಣ್ಣಲ್ಲಿ ಅದು ಅಪರಾಧವಾಗಿಯೇ ಉಳಿದಿದೆ. ಇಂಥ ತಂದೆತಾಯಿಯ ಮೇಲಿನ ಕನಿಕರದಿಂದ ವೈದ್ಯನೊಬ್ಬ ಎಕ್ಸ್ 68ರ ಬದಲು ಎಕ್ಸ್ 48 ಎಂದು ಬರೆದರೆ ಅದನ್ನು ಸುಳ್ಳೆನ್ನಬೇಕೆ, ದಯೆಯೆನ್ನಬೇಕೆ?

ನಾವು ಇದಕ್ಕೆ ಸುಲಭದ ಉತ್ತರ ಹುಡುಕುತ್ತಿಲ್ಲ. ಆ ದಯೆ ನಮಗೆ ಅರ್ಥವಾಗುತ್ತದೆ. ಆದರೆ ಅದರ ಬೆಲೆಯನ್ನು ತೆರುವವರು ಬೇರೆ ಯಾರೋ ಆಗಿರುತ್ತಾರೆ. ಶ್ರೀಲಂಕಾದಲ್ಲಿ ವಿಷದಿಂದ ಸತ್ತವರ ಲೆಕ್ಕವನ್ನು ಸರಿಯಾಗಿಟ್ಟರು. ಯಾವ ಕೀಟನಾಶಕದಿಂದ ಹೆಚ್ಚು ಜನ ಸಾಯುತ್ತಿದ್ದಾರೆಂದು ಅದರಿಂದ ತಿಳಿಯಿತು. ಅಂಥವನ್ನು ಒಂದೊಂದಾಗಿ ನಿಷೇಧಿಸುತ್ತ ಬಂದಾಗ ಆ ದೇಶದ ಆತ್ಮಹತ್ಯೆಗಳ ಪ್ರಮಾಣ ಗಣನೀಯವಾಗಿ ಇಳಿಯಿತು. ಒಂದು ಮನೆಯ ಮಾನವನ್ನು ಉಳಿಸಲು ಬರೆದ ಸುಳ್ಳು, ಇನ್ನೊಂದು ಮನೆಯ ಮಗಳನ್ನು ಉಳಿಸಬಹುದಾಗಿದ್ದ ಲೆಕ್ಕವನ್ನು ಅಳಿಸುತ್ತದೆ. ದಯೆ ತೋರಿಸಬೇಕಾದದ್ದು ಗುಟ್ಟನ್ನು ಕಾಪಾಡುವುದರಲ್ಲಿ, ಆ ಮಗಳನ್ನು ಹಂಗಿಸದೆ ಮಾತಾಡಿಸುವುದರಲ್ಲಿ. ದಾಖಲೆಯಲ್ಲಿ ಸತ್ಯವೇ ಇರಬೇಕು.

ಇನ್ನು 'ಆಕಸ್ಮಿಕ' ಎಂಬ ಮಾತು. ಕಂಪ್ಲಿಯ ಹುಡುಗನಿಗೆ ಎಕ್ಸ್ 48 ಎಂದು ಬರೆದಿದ್ದರೂ ನಮಗೆ ಪೂರ್ತಿ ಸಮಾಧಾನವಾಗುತ್ತಿರಲಿಲ್ಲ. ಸೋರುವ ಪಂಪು, ಕೈಗವಸಿಲ್ಲದ ಕೈ, ಪಂಪಿಗಿಷ್ಟು ಎಂಬ ಕೂಲಿ, ಓದಲು ಬಾರದವನ ಕೈಯಲ್ಲಿ ಇಂಗ್ಲಿಷ್ ಅಕ್ಷರದ ಬಾಟಲಿ, ಬಿಸಿಲಿನಲ್ಲಿ ದಪ್ಪ ಬಟ್ಟೆ ತೊಡಲಾಗದ ಸೆಕೆ. ಇವೆಲ್ಲ ಇರುವಲ್ಲಿ ಮನುಷ್ಯ ಬೀಳುವುದು ಆಕಸ್ಮಿಕವೆ? 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ರೈತರು, ಕೂಲಿಗಳು ಒಂದೇ ಹಂಗಾಮಿನಲ್ಲಿ ಸತ್ತರು. ಅವರು ಸುರಕ್ಷತೆಯ ಉಡುಪು ತೊಡಲಿಲ್ಲವೆಂಬ ಮಾತೇ ಆಗ ದೊಡ್ಡದಾಗಿ ಕೇಳಿಬಂತು. ಪ್ರತಿ ಹಂಗಾಮಿನಲ್ಲೂ ಮರುಕಳಿಸುವುದನ್ನು ಆಕಸ್ಮಿಕವೆಂದು ಕರೆಯುವಾಗ, ಯಾರೂ ಹೊಣೆಯಲ್ಲ ಎಂಬ ತೀರ್ಪನ್ನೂ ನಾವು ಸದ್ದಿಲ್ಲದೆ ಕೊಟ್ಟುಬಿಟ್ಟಿರುತ್ತೇವೆ.

ವಿಚಿತ್ರವೆಂದರೆ, ಹೆಚ್ಚು ಹೇಳಲು ಆ ಪಟ್ಟಿಯಲ್ಲೇ ಅವಕಾಶವಿದೆ. ಎಕ್ಸ್ 48ರ ಮುಂದೆ ಒಂದು ಬಿಂದು ಇಟ್ಟು 7 ಎಂದು ಬರೆದರೆ ಅದು ಹೊಲದಲ್ಲಿ ಆಯಿತೆಂದು ಅರ್ಥ. ಮತ್ತೊಂದು ಅಂಕಿಯಾಗಿ 2 ಎಂದು ಸೇರಿಸಿದರೆ ಸಂಪಾದನೆಗಾಗಿ ದುಡಿಯುತ್ತಿದ್ದಾಗ ಆಯಿತೆಂದು ಅರ್ಥ. ಎರಡು ಅಂಕಿಗಳಲ್ಲಿ ಆ ಹುಡುಗನ ಇಡೀ ದಿನ ಇದೆ. ಎರಡೂ ಕಡೆ 9 ಎಂದು ಬರೆದರೆ 'ತಿಳಿಸಿಲ್ಲ' ಎಂದರ್ಥ. ಅವಸರದ ಕೈಗೆ 9 ಬಹಳ ಸಲೀಸು. ಹಾಗೆಯೇ 1968ರ ಕೀಟನಾಶಕ ಕಾಯ್ದೆಯ 26ನೆಯ ಕಲಂ ಒಂದು ಅಧಿಕಾರವನ್ನು ರಾಜ್ಯ ಸರಕಾರಗಳಿಗೆ ಕೊಟ್ಟಿದೆ. ಕೀಟನಾಶಕದ ಬಳಕೆಯಿಂದಾದ ಪ್ರತಿಯೊಂದು ವಿಷಬಾಧೆಯನ್ನೂ ವರದಿ ಮಾಡಬೇಕೆಂದು ಅವು ಆದೇಶಿಸಬಹುದು. 'ಮಾಡಬಹುದು' ಎಂಬುದನ್ನು 'ಮಾಡಲೇಬೇಕು' ಎಂದು ಆಡಳಿತ ಓದಿಕೊಂಡರೆ ಎಷ್ಟು ಚೆನ್ನ!

ಸಾವಿನ ದಾಖಲೆಯಲ್ಲೂ ಇದೇ ಮಾತು. ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರದಲ್ಲಿ ಕೊನೆಯ ಗಳಿಗೆಯಲ್ಲಿ ಏನಾಯಿತೆಂದು ಒಂದು ಸಾಲು, ಅದಕ್ಕೆ ಏನು ಕಾರಣವೆಂದು ಮತ್ತೊಂದು, ಎಲ್ಲಕ್ಕೂ ಮೂಲವೇನೆಂದು ಕೆಳಗೆ ಇನ್ನೊಂದು. ಮೇಲಿನ ಸಾಲಿನಲ್ಲಿ 'ಹೃದಯ ಮತ್ತು ಉಸಿರಾಟ ನಿಂತಿತು' ಎಂದು ಬರೆದು ಕೆಳಗಿನದನ್ನು ಖಾಲಿ ಬಿಡುವ ರೂಢಿಯನ್ನು ನಾವೆಲ್ಲ ಕಂಡಿದ್ದೇವೆ. ಹೃದಯವೂ ಉಸಿರೂ ನಿಲ್ಲದೆ ಸತ್ತವರು ಯಾರಾದರೂ ಇದ್ದಾರೆಯೆ? 2023ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಜನನ ಮರಣ ನೋಂದಣಿ ಕಾಯ್ದೆಯ ತಿದ್ದುಪಡಿಯ ಪ್ರಕಾರ ಆಸ್ಪತ್ರೆಗಳು ಈ ಪ್ರಮಾಣಪತ್ರದ ಪ್ರತಿಯನ್ನು ಸತ್ತವರ ಹತ್ತಿರದ ಸಂಬಂಧಿಗೂ ಕೊಡಬೇಕು. ನಮ್ಮ ಮನೆಗಳಲ್ಲಿ ಸಾವಾದಾಗ ದುಃಖದ ನಡುವೆ ಯಾರೂ ಅದನ್ನು ಕೇಳುವುದಿಲ್ಲ, ಕೇಳಿ ಪಡೆದರೂ ಓದುವುದಿಲ್ಲ. ಓದಬೇಕು. ಹಾಗೆಯೇ ವಿಷ ತಾಗಿದವರನ್ನು ಆಸ್ಪತ್ರೆಗೆ ಒಯ್ಯುವಾಗ ಬಾಟಲಿಯನ್ನೋ ಅದರ ಚೀಟಿಯನ್ನೋ ಜೊತೆಗೆ ಒಯ್ಯಬೇಕು. ಬಾಟಲಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಎಂದು ತ್ರಿಕೋನದ ಗುರುತಿರುತ್ತದೆ. ಕೆಂಪು ಅತ್ಯಂತ ಘೋರವಾದದ್ದು. ಯಾವ ವಿಷವೆಂದು ತಿಳಿದರೆ ಚಿಕಿತ್ಸೆಗೂ ಅನುಕೂಲ, ದಾಖಲೆಗೂ ಅನುಕೂಲ.

ಒಂಬತ್ತನೆಯ ಶತಮಾನದಲ್ಲಿ ಬದುಕಿದ್ದ ವೈದ್ಯ ಅಲ್ ರಾಝಿ ಸಿಡುಬು ಮತ್ತು ದಡಾರಗಳು ಬೇರೆ ಬೇರೆಯೆಂದು ಗುರುತಿಸಿ ಬರೆದವರು. ತಾವು ಕಂಡ ರೋಗಿಗಳ ವಿವರಗಳನ್ನು ಎಚ್ಚರದಿಂದ ಬರೆದಿಡುತ್ತಿದ್ದವರು. 1700ರಲ್ಲಿ ಇಟಲಿಯ ರಾಮಜ್ಜಿನಿ ಎಂಬ ವೈದ್ಯ ಕಸುಬುದಾರರ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದು, ರೋಗಿಯನ್ನು ಕೇಳುವ ಹಳೆಯ ಪ್ರಶ್ನೆಗಳ ಜೊತೆಗೆ 'ನಿನ್ನ ಕಸುಬು ಏನು?' ಎಂಬ ಒಂದು ಪ್ರಶ್ನೆಯನ್ನು ಸೇರಿಸಬೇಕೆಂದ. ನಮ್ಮ ಹುಡುಗನ ವಿಷಯದಲ್ಲಿ ಕೇಳದೆ ಹೋದದ್ದು ಈ ಒಂದು ಪ್ರಶ್ನೆಯನ್ನೇ. 'ಏನು ಕುಡಿದ?' ಎನ್ನುವ ಬದಲು 'ಏನು ಮಾಡುತ್ತಿದ್ದ?' ಎಂದಿದ್ದರೆ ತಮ್ಮ ಬೇರೆ ಉತ್ತರ ಕೊಡುತ್ತಿದ್ದ.

ಹಂಪಿಗೆ ಬಂದವರು ಕಮಲಾಪುರದ ವಸ್ತುಸಂಗ್ರಹಾಲಯವನ್ನು ನೋಡದೆ ಹೋಗಬಾರದು. ಅಲ್ಲಿ ವೀರಗಲ್ಲುಗಳಿವೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಸತ್ತವನು ಹೇಗೆ ಸತ್ತನೆಂಬುದನ್ನು ಕೆತ್ತುವುದು ನಮ್ಮ ನಾಡಿನ ಶಿಲ್ಪಿಗಳ ಪದ್ಧತಿ. ಊರ ದನಗಳನ್ನು ಬಿಡಿಸಲು ಹೋಗಿ ಸತ್ತನೋ, ಹುಲಿಯೊಂದಿಗೆ ಹೋರಾಡಿ ಸತ್ತನೋ, ಯುದ್ಧದಲ್ಲಿ ಸತ್ತನೋ ಕಲ್ಲನ್ನು ನೋಡಿದರೆ ತಿಳಿಯುತ್ತದೆ. ಅವನು ಸ್ವರ್ಗ ಸೇರಿದ್ದನ್ನು ಮೇಲೆ ಕೆತ್ತುತ್ತಾರೆ. ಆದರೆ ಅದಕ್ಕೆ ಮೊದಲು ಕೆಳಗೆ, ಈ ಮಣ್ಣಿನ ಮೇಲೆ ನಡೆದದ್ದನ್ನು ಹೇಳಿಬಿಡುತ್ತಾರೆ. ಕಂಪ್ಲಿಯ ಕುಮಾರರಾಮ ಯುದ್ಧದಲ್ಲಿ ಸತ್ತು ಏಳು ಶತಮಾನಗಳಾಗುತ್ತ ಬಂದರೂ ಈ ಸೀಮೆಯ ಜನ ಅವನನ್ನು ಹಾಡುತ್ತಲೇ ಇದ್ದಾರೆ. ಅದೇ ಕಂಪ್ಲಿಯ ಗದ್ದೆಯಲ್ಲಿ ಊರಿಗೆ ಅನ್ನ ಬೆಳೆಯಲು ಹೋಗಿ ಬಿದ್ದವನಿಗೆ ನಾವು ಕಲ್ಲು ನೆಡಬೇಕಾಗಿಲ್ಲ, ಹಾಡು ಕಟ್ಟಬೇಕಾಗಿಲ್ಲ. ಅವನು ಹೇಗೆ ಬಿದ್ದನೆಂಬುದನ್ನು ಒಂದು ಸಾಲಿನಲ್ಲಿ ಸರಿಯಾಗಿ ಬರೆದರೆ ಸಾಕು.

ಕೆಲವು ದಿನಗಳ ನಂತರ ನಾವು ಆ ಹುಡುಗನನ್ನೂ ಅವನ ತಾಯಿಯನ್ನೂ ಕರೆದುಕೊಂಡು ಮತ್ತೆ ಆಸ್ಪತ್ರೆಗೆ ಹೋದೆವು. ಚಿಕಿತ್ಸೆ ಮಾಡಿದ ವೈದ್ಯರು ನಮ್ಮ ಮಾತನ್ನು ತಾಳ್ಮೆಯಿಂದ ಕೇಳಿದರು. 'ಎಣ್ಣಿ ಹೊಡಿಯಾದು ಅಂದರೆ ಇಲ್ಲಿ ಸಿಂಪಡಿಸುವುದೆ?' ಎಂದು ತಾಯಿಯನ್ನೇ ಕೇಳಿ ತಿಳಿದುಕೊಂಡರು. ಬೇರೊಂದು ಹಾಳೆಯಲ್ಲಿ, ಗದ್ದೆಯಲ್ಲಿ ಕೂಲಿ ಕೆಲಸ ಮಾಡುವಾಗ ಚರ್ಮ ಮತ್ತು ಉಸಿರಿನ ಮೂಲಕ ವಿಷ ತಾಗಿದೆ ಎಂದು ಬರೆದು ಸಹಿ ಮಾಡಿ ಕೊಟ್ಟರು. ಅದಕ್ಕೆ ಹಿಡಿದದ್ದು ಐದು ನಿಮಿಷ. ಪೊಲೀಸ್ ಠಾಣೆಯ ಪುಸ್ತಕದಲ್ಲಿ ಹಳೆಯ ಮಾತೇ ಇದೆ, ಅದನ್ನು ತಿದ್ದಿಸಲು ಇನ್ನೂ ಅಲೆಯುತ್ತಿದ್ದೇವೆ. ಗದ್ದೆಯವರು ಪರಿಹಾರದ ಮಾತೆತ್ತಿಲ್ಲ. ಆದರೆ ಆ ತಾಯಿ ಆ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಪಡಿತರ ಚೀಟಿಯ ಜೊತೆ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ. ಓಣಿಯಲ್ಲಿ ಯಾರಾದರೂ ಹಳೆಯ ಮಾತೆತ್ತಿದರೆ, ಓದಲು ಬಾರದ ಆಕೆ ಅದನ್ನು ಹೊರತೆಗೆದು ಓದಬಲ್ಲವರ ಮುಂದೆ ಹಿಡಿಯುತ್ತಾಳೆ.